ಕರಡಿ ಸೀಮೆಗೆ ಯಾವ ರಿವಾಲ್ವರ್?

ಅಲಾಸ್ಕಾದ ಕೀನಾಯ್ ಪರ್ಯಾಯ ದ್ವೀಪದಲ್ಲಿ ರಷ್ಯನ್ ರಿವರ್ ಎಂಬ ಹೊಳೆಯಿದೆ. ಬೇಸಿಗೆ ಬಂತೆಂದರೆ ಸಾಕೈ ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಕಡಲು ಬಿಟ್ಟು ಈ ಹೊಳೆ ಹತ್ತುತ್ತವೆ. ಮೀನಿನ ಬೆನ್ನಿಗೆ ಗಾಳ ಹಿಡಿದ ಜನ ಬರುತ್ತಾರೆ. ಜನಕ್ಕಿಂತ ಮೊದಲೇ ಅಲ್ಲಿ ಕಂದು ಕರಡಿಗಳು ಬಂದು ನಿಂತಿರುತ್ತವೆ. ತೊಡೆಮಟ್ಟದ ನೀರಿನಲ್ಲಿರುವವನ ಒಂದು ಕೈ ಗಾಳದ ಕೋಲಿನ ಮೇಲೆ, ಇನ್ನೊಂದು ದಾರದ ಮೇಲೆ. ರೈಫಲ್ ತಂದಿದ್ದರೂ ಅದು ದಡದ ಮರಕ್ಕೆ ಒರಗಿಕೊಂಡಿರುತ್ತದೆ. ಕರಡಿ ಆ ಮರದ ಕಡೆಯಿಂದಲೇ ಬಂದರೆ ಏನು ಮಾಡುವುದು?

ಅಮೆರಿಕದ ದೂರದ ಕಾಡುಮೇಡುಗಳಲ್ಲಿ ಓಡಾಡುವವರು ರಿವಾಲ್ವರ್ ಕಟ್ಟಿಕೊಳ್ಳುವುದಕ್ಕೆ ನಿಜವಾದ ಕಾರಣ ಇಷ್ಟೇ. ಅದು ರೈಫಲ್‌ಗಿಂತ ದುರ್ಬಲ, ಗುರಿ ಹಿಡಿಯುವುದೂ ಕಷ್ಟ. ಆದರೆ ಎರಡೂ ಕೈ ಬೇರೆ ಕೆಲಸದಲ್ಲಿರುವಾಗಲೂ ಮೈಮೇಲೇ ಇರುತ್ತದೆ. ಮೀನು ಹಿಡಿಯುವವರು, ಬಂಡೆಯ ಚೂರು ಆರಿಸುವ ಭೂವಿಜ್ಞಾನಿ, ಮರದ ಸುತ್ತಳತೆ ತೆಗೆಯುವ ಅರಣ್ಯ ಸಿಬ್ಬಂದಿ, ಹೊಡೆದ ಮೂಸ್‌ನ ಮಾಂಸ ಕೊಯ್ಯುತ್ತಾ ಮೊಣಕಾಲೂರಿ ಕುಳಿತ ಬೇಟೆಗಾರ, ಇವರೆಲ್ಲರ ಅಗತ್ಯ ಒಂದೇ. ಇದನ್ನು ಮನಸ್ಸಿನಲ್ಲಿಟ್ಟುಕೊಂಡವನಿಗೆ ಅಂಗಡಿಯ ಗಾಜಿನ ಪೆಟ್ಟಿಗೆಯ ಮುಂದೆ ಹೆಚ್ಚು ಗೊಂದಲವಿಲ್ಲ. ತೊಂದರೆಯೆಂದರೆ ಅಲ್ಲಿಗೆ ಹೋದವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆಯೇ ಬೇರೆ: ‘ಎಲ್ಲಕ್ಕಿಂತ ಜೋರಾದದ್ದು ಯಾವುದು?’

ಜೋರಿನ ಈ ಹುಚ್ಚಿಗೆ ಒಂದು ಇತಿಹಾಸವಿದೆ. ಅದರ ನಡುವೆ ನಿಂತವರು ಐಡಾಹೊ ರಾಜ್ಯದ ಸಾಲ್ಮನ್ ಎಂಬ ಪುಟ್ಟ ಊರಿನ ಎಲ್ಮರ್ ಕೀತ್. ದನ ಕಾಯುವವರ ದೊಡ್ಡ ಟೊಪ್ಪಿ, ಬಾಯಲ್ಲಿ ಸಿಗಾರ್, ಕೋವಿಗಳ ಬಗ್ಗೆ ಪತ್ರಿಕೆಗಳಿಗೆ ನಿರಂತರ ಬರವಣಿಗೆ. 1920ರ ದಶಕದಲ್ಲಿ ಹಳೆಯ .45 ಕೋಲ್ಟ್ ರಿವಾಲ್ವರ್‌ಗೆ ಅತಿಯಾಗಿ ಮದ್ದು ತುಂಬಿ ಅದನ್ನು ಸೀಳಿಸಿಕೊಂಡ ಮೇಲೆ ಕೀತ್ .44 ಸ್ಪೆಷಲ್ ತೋಟಾದ ಕಡೆ ತಿರುಗಿದರು. ಅದರ ಸಿಲಿಂಡರ್‌ನ ಗೋಡೆ ಕೊಂಚ ದಪ್ಪ, ಹೆಚ್ಚು ಮದ್ದು ತಡೆದೀತು ಎಂಬ ಲೆಕ್ಕ. ಮುಂದಿನ ಮೂರು ದಶಕ ಆ ತೋಟಾಕ್ಕೆ ತಾವೇ ಮದ್ದು ತುಂಬುತ್ತಾ, ಕಂಪನಿಗಳನ್ನು ಪೀಡಿಸುತ್ತಾ ಬಂದರು. ನಡುವೆ 1935ರಲ್ಲಿ .357 ಮ್ಯಾಗ್ನಂ ಬಂತು. ಅದು ಅವರಿಗೆ ಸಾಲಲಿಲ್ಲ. ಕೊನೆಗೆ ರೆಮಿಂಗ್ಟನ್ ತೋಟಾ ಮಾಡಿತು, ಸ್ಮಿತ್ ಅಂಡ್ ವೆಸನ್ ಅದಕ್ಕೊಪ್ಪುವ ರಿವಾಲ್ವರ್ ಮಾಡಿತು. 1956ರ ಹೊತ್ತಿಗೆ .44 ಮ್ಯಾಗ್ನಂ ಅಂಗಡಿಗಳಿಗೆ ಬಂದಿತ್ತು.

ಬಂದ ಕೂಡಲೇ ಜನ ಮುಗಿಬಿದ್ದರು ಎಂದುಕೊಳ್ಳಬೇಡಿ. ಒಂದು ಪೆಟ್ಟಿಗೆ ತೋಟಾ ಕೊಂಡು, ಐದಾರು ಹೊಡೆದು, ಮಿಕ್ಕಿದ್ದನ್ನು ರಿವಾಲ್ವರ್ ಸಮೇತ ಮಾರಿದವರ ಕಥೆಗಳು ಕೋವಿ ಅಂಗಡಿಗಳಲ್ಲಿ ಇಂದಿಗೂ ಹಾಸ್ಯದ ಸರಕು. ಅದನ್ನು ಮನೆಮಾತಾಗಿಸಿದ್ದು ಕರಡಿಯಲ್ಲ, ಸಿನಿಮಾ. 1971ರ ‘ಡರ್ಟಿ ಹ್ಯಾರಿ’ಯಲ್ಲಿ ಕ್ಲಿಂಟ್ ಈಸ್ಟ್‌ವುಡ್ ಸ್ಮಿತ್ ಅಂಡ್ ವೆಸನ್‌ನ ಮಾಡೆಲ್ 29 ಹಿಡಿದು ನಿಂತ ಮೇಲೆ ಅಂಗಡಿಗಳಲ್ಲಿ ಅದಕ್ಕೆ ಬರ ಬಂತು. ಸ್ಯಾನ್ ಫ್ರಾನ್ಸಿಸ್ಕೊದ ಬೀದಿಯಲ್ಲಿ ಪೊಲೀಸನೊಬ್ಬನಿಗೆ ಅಂಥ ಆಯುಧ ಏಕೆ ಎಂದು ಯಾರೂ ಕೇಳಲಿಲ್ಲ.

ಆಮೇಲೆ ಪೈಪೋಟಿ ನಿಲ್ಲಲಿಲ್ಲ. ಯೂಟಾದ ಡಿಕ್ ಕಸೂಲ್ 1950ರ ದಶಕದಲ್ಲೇ .454 ಕಸೂಲ್ ತೋಟಾ ರೂಪಿಸಿದ್ದರು. 1983ರಲ್ಲಿ ವಯೋಮಿಂಗ್‌ನ ಫ್ರೀಡಂ ಆರ್ಮ್ಸ್ ಅದಕ್ಕೊಂದು ರಿವಾಲ್ವರ್ ಕಟ್ಟಿತು. ಆರು ಗುಂಡಿನ ಬದಲು ಐದೇ ಗುಂಡು, ಏಕೆಂದರೆ ಆ ಒತ್ತಡ ತಡೆಯಲು ಸಿಲಿಂಡರ್‌ನಲ್ಲಿ ಅಷ್ಟು ಉಕ್ಕು ಉಳಿಯಬೇಕು. 2003ರಲ್ಲಿ ಸ್ಮಿತ್ ಅಂಡ್ ವೆಸನ್ .500 ಮ್ಯಾಗ್ನಂ ತಂದಿತು. ನಳಿಗೆಯ ವ್ಯಾಸ ಅರ್ಧ ಇಂಚು. ಉದ್ದ ನಳಿಗೆಯ ಮಾದರಿ ಎರಡು ಕಿಲೋ ತೂಗುತ್ತದೆ. 2005ರಲ್ಲಿ .460 ಬಂತು. ಅದೇ ಕಾಲಕ್ಕೆ ರೂಗರ್ ಕಂಪನಿ ಎರಡೂವರೆ ಇಂಚಿನ ಮೊಂಡು ನಳಿಗೆಯ ದಪ್ಪ ರಿವಾಲ್ವರ್‌ಗೆ ‘ಅಲಾಸ್ಕನ್’ ಎಂದೇ ಹೆಸರಿಟ್ಟು ಮಾರುಕಟ್ಟೆಗೆ ಬಿಟ್ಟಿತು.

ಈಗ ಅಂಕಿಗಳಿಗೆ ಬರೋಣ. ನಳಿಗೆಯ ಬಾಯಿ ಬಿಡುವಾಗ .357 ಗುಂಡಿನಲ್ಲಿರುವ ಶಕ್ತಿ ಸುಮಾರು 700 ಜೌಲ್. .44ರದ್ದು ನಳಿಗೆಯ ಉದ್ದಕ್ಕೆ ತಕ್ಕಂತೆ 1,000ದಿಂದ 1,400. .454ರದ್ದು 2,300ರ ಆಸುಪಾಸು. .500ರದ್ದು 3,400 ದಾಟಬಲ್ಲದು. ಮೂಸ್ ಬೇಟೆಗೆ ಅಲ್ಲಿನವರು ಬಳಸುವ ಸಾಧಾರಣ .30-06 ರೈಫಲ್‌ನ ಗುಂಡಿಗೆ 3,800. ಅಂದರೆ ಅತಿ ದೊಡ್ಡ ರಿವಾಲ್ವರ್ ಕೊನೆಗೂ ಮುಟ್ಟುವುದು ಒಂದು ಮಾಮೂಲಿ ರೈಫಲ್‌ನ ಹೊಸಿಲನ್ನು. ಭುಜಕ್ಕೆ ಒತ್ತಿ ಹೊಡೆಯುವ ರೈಫಲ್‌ನ ಆ ಒದೆತವನ್ನು ರಿವಾಲ್ವರ್‌ನಲ್ಲಿ ಮಣಿಕಟ್ಟೇ ತಡೆಯಬೇಕು.

ಅಮೆರಿಕದ ಅರಣ್ಯ ಇಲಾಖೆ ಅಲಾಸ್ಕಾದಲ್ಲಿ ಕೆಲಸ ಮಾಡುವ ತನ್ನ ಸಿಬ್ಬಂದಿಗಾಗಿ ಈ ವಿಷಯವನ್ನು ಕೂತು ಪರೀಕ್ಷಿಸಿತ್ತು. ವಿಲಿಯಂ ಮೀಹಾನ್ ಮತ್ತು ಜಾನ್ ಥಿಲೇನಿಯಸ್ 1983ರಲ್ಲಿ ಪ್ರಕಟಿಸಿದ ವರದಿ ಅದು. ಬೇಟೆಗಾರರ ದೂರದಿಂದಲ್ಲ, ಕರಡಿ ಮೇಲೆ ಬಿದ್ದಾಗ ಇರುವಂಥ ದೂರದಿಂದ, ಅಂದರೆ 15 ಗಜದಿಂದ, ರೈಫಲ್, ಬಂದೂಕು, ಕೈಕೋವಿಗಳ ಗುಂಡುಗಳನ್ನು ಹಾರಿಸಿ ಅವು ಎಷ್ಟು ಆಳಕ್ಕೆ ಹೋಗುತ್ತವೆ, ಎಷ್ಟು ಅರಳುತ್ತವೆ, ಎಷ್ಟು ತೂಕ ಉಳಿಸಿಕೊಳ್ಳುತ್ತವೆ ಎಂದು ಅಳೆದರು. .458 ಮತ್ತು .375ರಂಥ ಭಾರೀ ರೈಫಲ್‌ಗಳು ಮೇಲೆ, ಕೈಕೋವಿಗಳು ಪಟ್ಟಿಯ ತಳದಲ್ಲಿ. ಆ ತಳದವುಗಳಲ್ಲಿ ಮುಂದೆ ನಿಂತದ್ದು .44 ಮ್ಯಾಗ್ನಂ. ಕಸೂಲ್‌ನ ರಿವಾಲ್ವರ್ ಆಗಷ್ಟೇ ಬರುತ್ತಿತ್ತು, .500 ಹುಟ್ಟಿರಲಿಲ್ಲ. ಆದರೂ ಆ ವರದಿಯ ತಿರುಳು ಹಳೆಯದಾಗಿಲ್ಲ. ಜೌಲ್‌ಗಿಂತ ಮುಖ್ಯವಾದದ್ದು ಗುಂಡು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮನುಷ್ಯರಿಂದ ಆತ್ಮರಕ್ಷಣೆಗೆಂದು ಮಾರುವ ಗುಂಡುಗಳ ಮೂತಿ ಟೊಳ್ಳು. ಮೈಗೆ ತಾಗಿದೊಡನೆ ಅಣಬೆಯಂತೆ ಅರಳಿ ಅಲ್ಲೇ ನಿಲ್ಲುವುದು ಅದರ ಗುಣ. ಕರಡಿಯ ವಿಷಯದಲ್ಲಿ ಅದೇ ದೋಷ. ಚಳಿಗಾಲಕ್ಕೆಂದು ಕಟ್ಟಿಕೊಂಡ ಕೊಬ್ಬು, ಅದರಡಿ ಭುಜದ ದಪ್ಪ ಸ್ನಾಯು, ಅದರಡಿ ಮೂಳೆ. ಅರಳಿದ ಗುಂಡು ಇಷ್ಟನ್ನು ದಾಟುವ ಮೊದಲೇ ಸುಸ್ತಾಗುತ್ತದೆ. ಹಾಗಾಗಿ ಬಲ್ಲವರು ಸೀಸಕ್ಕೆ ತವರ ಮತ್ತು ಆಂಟಿಮನಿ ಬೆರೆಸಿ ಗಟ್ಟಿಯಾಗಿ ಎರಕ ಹೊಯ್ದ, ಚಪ್ಪಟೆ ಮೂತಿಯ, ಭಾರದ ಗುಂಡುಗಳನ್ನು ಕೇಳುತ್ತಾರೆ. ಅವು ಅರಳುವುದಿಲ್ಲ, ನೆಟ್ಟಗೆ ಕೊರೆಯುತ್ತಾ ಹೋಗುತ್ತವೆ. ಚಪ್ಪಟೆ ಮೂತಿ ಇರುವುದರಿಂದ ಅಡ್ಡಾದಿಡ್ಡಿ ತಿರುಗುವುದೂ ಕಡಿಮೆ. ಒಳ್ಳೆಯ ಗುಂಡು ಹಾಕಿದ .44, ತಪ್ಪು ಗುಂಡು ಹಾಕಿದ .500ಕ್ಕಿಂತ ನಂಬಿಗಸ್ತ. ಬೆಲೆಯ ಚೀಟಿಯಲ್ಲಿ ಈ ಮಾತು ಬರೆದಿರುವುದಿಲ್ಲ.

ಇನ್ನೊಂದು ಕಹಿ ಸತ್ಯವೂ ಇದೆ. ಎದೆಗೆ ಗುಂಡು ಬಿದ್ದ ಕರಡಿ ಸಾಯುತ್ತದೆ, ಆದರೆ ಆಗಲೇ ಅಲ್ಲ. ಹೃದಯ ಹರಿದರೂ ಮೆದುಳಿನಲ್ಲಿ ಉಳಿದ ರಕ್ತದ ಬಲದಿಂದ ಹಲವು ಸೆಕೆಂಡು ಓಡಬಲ್ಲದು. ನಿಂತಲ್ಲೇ ಬೀಳಬೇಕಾದರೆ ಮೆದುಳಿಗೋ ಬೆನ್ನುಹುರಿಗೋ ತಾಗಬೇಕು, ಇಲ್ಲವೇ ಭುಜದ ಮೂಳೆ ಮುರಿದು ಮುಂಗಾಲು ಕುಸಿಯಬೇಕು. ಕಂದು ಕರಡಿ ಗಂಟೆಗೆ 55 ಕಿ.ಮೀ. ವೇಗದಲ್ಲಿ ಓಡಬಲ್ಲದು, ಸೆಕೆಂಡಿಗೆ 15 ಮೀಟರ್. ಮೂವತ್ತು ಮೀಟರ್ ಆಚೆಯ ಆಲ್ಡರ್ ಪೊದೆಯಿಂದ ಹೊರಟರೆ ಎರಡು ಸೆಕೆಂಡ್. ಅಷ್ಟರಲ್ಲಿ ಅದು ಕರಡಿ ಎಂದು ಅರಿಯಬೇಕು, ರಿವಾಲ್ವರ್ ಹೊರತೆಗೆಯಬೇಕು, ಮೇಲೆ ಕೆಳಗೆ ಕುಣಿಯುತ್ತಾ ಬರುವ ತಲೆಗೆ ಹೊಡೆಯಬೇಕು, ತಪ್ಪಿದರೆ ಇನ್ನೊಮ್ಮೆ ಹೊಡೆಯಬೇಕು.

‘ಇನ್ನೊಮ್ಮೆ’ ಎಂಬಲ್ಲೇ ದೊಡ್ಡ ರಿವಾಲ್ವರ್‌ಗಳ ಬಣ್ಣ ಬಯಲಾಗುತ್ತದೆ. ಮಲೆನಾಡಿನಲ್ಲಿ ಕೋವಿ ಹಿಡಿದು ಬೆಳೆದವರಿಗೆ ಒದೆತ ಗೊತ್ತು. ಮದ್ದು ಹೆಚ್ಚಾದ ಈಡು ಭುಜ ಕೆಂಪಾಗಿಸುತ್ತದೆ. ಇಲ್ಲಿ ಭುಜವಿಲ್ಲ. .500ರ ಪೂರ್ತಿ ಬಲದ ಈಡು ಹಾರಿದಾಗ ನಳಿಗೆ ಆಕಾಶ ನೋಡುತ್ತದೆ, ಅದನ್ನು ಇಳಿಸಿ ಮತ್ತೆ ಗುರಿಗೆ ತರುವಷ್ಟರಲ್ಲಿ ಒಂದು ಸೆಕೆಂಡೋ ಹೆಚ್ಚೋ ಕಳೆದಿರುತ್ತದೆ. ಅಭ್ಯಾಸ ಬೇಡವೆನಿಸುತ್ತದೆ. ಅಭ್ಯಾಸವಿಲ್ಲದವನು ಮುಂದಿನ ಸಲ ಟ್ರಿಗರ್ ಎಳೆಯುವ ಮೊದಲೇ ಅಳುಕಿ ಕೈ ಜಗ್ಗುತ್ತಾನೆ, ಗುಂಡು ನೆಲಕ್ಕೆ ಹೋಗುತ್ತದೆ. ಬೇಟೆಗೆ ಹೋಗಿ, ಕೂತು, ಕೋಲಿಗೆ ಆನಿಸಿ, ಒಂದೇ ಗುಂಡು ಹೊಡೆಯುವವನಿಗೆ .500 ಅದ್ಭುತ ಆಯುಧ. ಬೆಚ್ಚಿಬಿದ್ದವನಿಗೆ ಅಲ್ಲ.

ಹಾಗಾದರೆ ಹಗುರದ್ದನ್ನು ಕೊಳ್ಳೋಣ ಎನಿಸುವುದು ಸಹಜ. ದಿನವಿಡೀ ಹೊತ್ತು ನಡೆಯುವವನಿಗೆ ಪ್ರತಿ ಗ್ರಾಮೂ ಲೆಕ್ಕ. ಸ್ಮಿತ್ ಅಂಡ್ ವೆಸನ್ ಅದಕ್ಕೆಂದೇ ಸ್ಕ್ಯಾಂಡಿಯಂ ಬೆರೆಸಿದ ಅಲ್ಯೂಮಿನಿಯಂ ಚೌಕಟ್ಟು, ಟೈಟಾನಿಯಂ ಸಿಲಿಂಡರ್ ಇರುವ 329 ಪಿಡಿ ಎಂಬ .44 ಮಾಡಿದೆ. ತೂಕ ಸುಮಾರು 700 ಗ್ರಾಂ. ಅದೇ ಕಂಪನಿಯ ಸ್ಟೇನ್‌ಲೆಸ್ ಉಕ್ಕಿನ 629, ನಾಲ್ಕು ಇಂಚಿನ ನಳಿಗೆಯೊಂದಿಗೆ, ಹೆಚ್ಚುಕಡಿಮೆ 1,170 ಗ್ರಾಂ. ಅರ್ಧ ಕಿಲೋ ಉಳಿಯಿತು ಎಂದು ಹಿಗ್ಗುವ ಮೊದಲು ಶಾಲೆಯ ಭೌತಶಾಸ್ತ್ರ ನೆನೆಯಬೇಕು. ಗುಂಡಿನ ಆವೇಗ ಬದಲಾಗದೆ ಕೋವಿಯ ತೂಕ ಶೇ 40ರಷ್ಟು ಇಳಿದರೆ, ಅದು ಕೈಗೆ ಒದೆಯುವ ಶಕ್ತಿ ಮೂರರಲ್ಲಿ ಎರಡು ಪಾಲಿನಷ್ಟು ಏರುತ್ತದೆ. ಅಂಗೈ ಚರ್ಮ ಸುಲಿಸಿಕೊಂಡವರು ಇದ್ದಾರೆ.

ನೋವನ್ನಾದರೂ ಸಹಿಸಬಹುದು. ಹಗುರ ರಿವಾಲ್ವರ್‌ಗಳ ನಿಜವಾದ ಅಪಾಯ ಸಿಲಿಂಡರ್ ಒಳಗಿರುತ್ತದೆ. ಮೊದಲ ಈಡು ಹಾರಿದಾಗ ಇಡೀ ರಿವಾಲ್ವರ್ ರಪ್ಪನೆ ಹಿಂದಕ್ಕೆ ಬರುತ್ತದೆ. ಸಿಲಿಂಡರ್‌ನಲ್ಲಿ ಉಳಿದ ಐದು ತೋಟಾಗಳ ಹಿತ್ತಾಳೆ ಕೊಳವೆಗಳೂ ಅದರೊಂದಿಗೆ ಹಿಂದೆ ಬರುತ್ತವೆ. ಆದರೆ ಅವುಗಳ ಬಾಯಲ್ಲಿ ಕೂತ ಭಾರದ ಗುಂಡುಗಳು ತಾವಿದ್ದಲ್ಲೇ ಉಳಿಯಲು ನೋಡುತ್ತವೆ. ಬಾಯಿಯ ಅಂಚನ್ನು ಬಿಗಿಯಾಗಿ ಮಡಿಚಿರದಿದ್ದರೆ ಗುಂಡು ಸ್ವಲ್ಪ ಸ್ವಲ್ಪವೇ ಮುಂದೆ ಜಾರುತ್ತದೆ. ಒಂದೆರಡು ಈಡಿನ ನಂತರ ಅದರ ಮೂತಿ ಸಿಲಿಂಡರ್‌ನಿಂದ ಹೊರಚಾಚಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಸಿಲಿಂಡರ್ ತಿರುಗುವುದಿಲ್ಲ, ಟ್ರಿಗರ್ ಬಗ್ಗುವುದಿಲ್ಲ. ರಿವಾಲ್ವರ್ ಎಂದೂ ಕೈಕೊಡದು ಎಂಬ ಪ್ರತೀತಿ ಅಲ್ಲಿಗೆ ಮುಗಿಯಿತು. ಹೀಗಾಗಿ ಯಾವ ತೋಟಾವನ್ನು ಕಾಡಿಗೆ ಒಯ್ಯುತ್ತೀರೋ ಅದನ್ನೇ ಗುರಿ ಮೈದಾನದಲ್ಲಿ ಹಾರಿಸಿ, ಸಿಲಿಂಡರ್‌ನ ಕೊನೆಯ ತೋಟಾ ಮಾತ್ರ ಉಳಿಸಿ ಹೊರತೆಗೆದು, ಗುಂಡು ಜಾರಿದೆಯೇ ಎಂದು ಅಳೆದು ನೋಡುವುದು ತಿಳಿದವರ ಪದ್ಧತಿ.

ನಳಿಗೆಯ ಉದ್ದದ ಚರ್ಚೆಗೆ ಅಷ್ಟು ಹೊತ್ತು ಬೇಕಿಲ್ಲ. ಎರಡೂವರೆ ಇಂಚಿನದು ಬೇಗ ಹೊರಬರುತ್ತದೆ, ಆದರೆ ಮದ್ದಿನ ಒಂದು ಪಾಲು ನಳಿಗೆಯ ಹೊರಗೆ ಉರಿದು ಬರೀ ಬೆಂಕಿ ಮತ್ತು ಸದ್ದಾಗುತ್ತದೆ. ಕಾಡಿನಲ್ಲಿ ಕಿವಿಗೆ ರಕ್ಷೆ ಇರುವುದಿಲ್ಲ. ಆರು, ಎಂಟು ಇಂಚಿನವು ಬೇಟೆಗೆ ಸರಿ, ಎದೆಯ ಮೇಲೆ ಕಟ್ಟಿಕೊಳ್ಳಲು ಉದ್ದವಾದವು. ನಾಲ್ಕು ಇಂಚು ಇವೆರಡರ ರಾಜಿ. ಟ್ರಿಗರ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ಕೌಬಾಯ್ ಸಿನಿಮಾಗಳಂತೆ ಪ್ರತಿ ಸಲ ಹ್ಯಾಮರ್ ಎಳೆದು ಹೊಡೆಯುವ ಸಿಂಗಲ್ ಆ್ಯಕ್ಷನ್ ರಿವಾಲ್ವರ್‌ಗಳು ಗಟ್ಟಿಮುಟ್ಟಾದವು, ಕೊಂಚ ಅಗ್ಗವೂ ಹೌದು. ಆದರೆ ಒಂದು ಕೈಯನ್ನು ಕರಡಿ ಹಿಡಿದಾಗ ಉಳಿದ ಕೈಯ ಬೆರಳೊಂದನ್ನು ಬಗ್ಗಿಸಿದರೆ ಸಾಕು ಎಂಬಂತಿರಬೇಕು. ಅದಕ್ಕೆ ಡಬಲ್ ಆ್ಯಕ್ಷನ್ ಬೇಕು. ಒಂದು ತೋಟಾ ಹೊತ್ತದಿದ್ದರೆ ಇನ್ನೊಮ್ಮೆ ಎಳೆದರಾಯಿತು, ಮುಂದಿನದು ಸರದಿಗೆ ಬರುತ್ತದೆ.

ಕಟ್ಟಿಕೊಳ್ಳುವ ಬಗೆಗೆ ಮಾತ್ರ ಕೊಳ್ಳುವವರು ಕೊಡುವ ಗಮನ ಸಾಲದು. ಸೊಂಟದ ಚರ್ಮದ ಚೀಲ ಸಿನಿಮಾದಲ್ಲಿ ಚೆಂದ. ಬೆನ್ನಿಗೆ ಹತ್ತಿಪ್ಪತ್ತು ಕಿಲೋ ಗಂಟು ಹೊತ್ತವನಿಗೆ ಅದೇ ಜಾಗದಲ್ಲಿ ಬ್ಯಾಗಿನ ಸೊಂಟಪಟ್ಟಿ ಬರುತ್ತದೆ. ಮೀನು ಹಿಡಿಯಲು ಎದೆವರೆಗಿನ ರಬ್ಬರ್ ದಿರಿಸು ತೊಟ್ಟವನ ಸೊಂಟ ನೀರಿನಲ್ಲಿ ಮುಳುಗಿರುತ್ತದೆ. ಮಳೆ ಬಂತೆಂದು ಮೇಲೊಂದು ಜಾಕೆಟ್ ಹಾಕಿದರೆ ರಿವಾಲ್ವರ್ ಎರಡು ಪದರ ಬಟ್ಟೆಯ ಕೆಳಗೆ. ಇದಕ್ಕೆ ಅಲಾಸ್ಕಾದವರು ಕಂಡುಕೊಂಡ ಉಪಾಯ ಎದೆಯ ಹೋಲ್‌ಸ್ಟರ್. ಭುಜದಿಂದ ಓರೆಯಾಗಿ ಬರುವ ಪಟ್ಟಿ, ಎದೆಗೂಡಿನ ಕೆಳಭಾಗದಲ್ಲಿ ಅಡ್ಡಲಾಗಿ ಕೂತ ರಿವಾಲ್ವರ್. ಬ್ಯಾಗ್ ಇಳಿಸಿದರೂ ಅದು ಇಳಿಯುವುದಿಲ್ಲ, ಕೂತಾಗಲೂ ಬಿದ್ದಾಗಲೂ ಕೈಗೆ ಸಿಗುತ್ತದೆ, ಡೇರೆಯೊಳಗೆ ಮಲಗುವಾಗ ಪಕ್ಕದಲ್ಲಿಡಬಹುದು. ಸಾವಿರ ಡಾಲರಿನ ರಿವಾಲ್ವರ್ ಕೊಂಡು ಅದನ್ನು ಬ್ಯಾಗಿನ ಜಿಪ್‌ನೊಳಗೆ ಹಾಕಿ ನಡೆಯುವವರನ್ನು ನೋಡಿದರೆ, ಇವರು ಯಾರಿಂದ ಏನನ್ನು ಕಾಪಾಡುತ್ತಿದ್ದಾರೆ ಎನಿಸುತ್ತದೆ.

ಅಲಾಸ್ಕಾದ ಗೈಡುಗಳು ಹೊಸಬರಿಗೆ ಹೇಳುವ ಹಳೆಯ ಪೋಲಿ ಜೋಕೊಂದಿದೆ. ಸಣ್ಣ ರಿವಾಲ್ವರ್ ತಂದವನಿಗೆ ಮುದುಕನೊಬ್ಬ ‘ಆ ನಳಿಗೆಯ ತುದಿಯ ಗುರಿಮೊನೆಯನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿಟ್ಟುಕೋ’ ಎನ್ನುತ್ತಾನೆ. ‘ಬೇಗ ಹೊರತೆಗೆಯಲಿಕ್ಕಾ?’ ‘ಅಲ್ಲ, ಕರಡಿ ಅದನ್ನು ಕಿತ್ತುಕೊಂಡು ನಿನ್ನ ಹಿಂದಕ್ಕೆ ತುರುಕುವಾಗ ನೋವಾಗದಿರಲಿ ಅಂತ.’

ಆದರೆ 2016ರಲ್ಲಿ ಈ ಜೋಕಿಗೆ ಪೆಟ್ಟು ಬಿತ್ತು. ದಶಕಗಳ ಅನುಭವವುಳ್ಳ ಅಲಾಸ್ಕಾದ ಗೈಡ್ ಒಬ್ಬರು ಮೀನು ಹಿಡಿಯಲು ಬಂದ ಅತಿಥಿಗಳನ್ನು ಕರೆದೊಯ್ಯುವಾಗ ಮೇಲೆರಗಿದ ಕಂದು ಕರಡಿಯನ್ನು ಬರೀ 9 ಎಂಎಂ ಪಿಸ್ತೂಲಿನಿಂದ ಹೊಡೆದು ಉರುಳಿಸಿದರು. ಎಲ್ಲ ಪಟ್ಟಿಗಳಲ್ಲೂ ಕರಡಿಗೆ ಸಾಲದೆಂದು ತಳ್ಳಿಹಾಕಿದ ತೋಟಾ ಅದು. ಗುಂಡು ಮಾತ್ರ ಗಟ್ಟಿ ಎರಕದ್ದು, ಕೈ ಪಳಗಿದ್ದು. ಇದನ್ನೇ ನೆಚ್ಚಿ 9 ಎಂಎಂ ಸಾಕೆಂದು ಹೊರಡುವುದು ಮೂರ್ಖತನ. ಆದರೆ ಹೊಡೆದಲ್ಲಿಗೆ ಬೀಳುವ ಸಣ್ಣ ಗುಂಡು, ಬೀಳದ ದೊಡ್ಡ ಗುಂಡಿಗಿಂತ ಮೇಲು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾರೂ ತೋರಿಸಿಲ್ಲ.

ಇತ್ತೀಚೆಗೆ ರಿವಾಲ್ವರ್‌ನ ಗದ್ದುಗೆಗೇ ಸವಾಲು ಬಂದಿದೆ. 10 ಎಂಎಂ ತೋಟಾದ ಗ್ಲಾಕ್ 20 ಪಿಸ್ತೂಲಿನ ಮ್ಯಾಗಜೀನ್‌ನಲ್ಲಿ 15 ಗುಂಡು, ಒದೆತ ಸೌಮ್ಯ, ತೂಕವೂ ಕಡಿಮೆ. ಗ್ರೀನ್‌ಲ್ಯಾಂಡಿನ ಈಶಾನ್ಯ ತುದಿಯಲ್ಲಿ ನಾಯಿಬಂಡಿಗಳ ಮೇಲೆ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ಪಡೆ ಹಿಮಕರಡಿಗಳ ನಡುವೆ ಬದುಕುವಂಥದ್ದು. ಹಳೆಯ ರೈಫಲ್ ಜೊತೆ ಅವರು ಕಟ್ಟಿಕೊಳ್ಳುವುದು ಇದೇ ಪಿಸ್ತೂಲು. ಶಕ್ತಿಯಲ್ಲಿ .44ಕ್ಕೆ ಸಮನಲ್ಲ, ಆದರೆ ಎರಡನೆಯ, ಮೂರನೆಯ ಗುಂಡು ಬೇಗ ಹೊರಡುತ್ತದೆ. ರಿವಾಲ್ವರ್‌ನ ಪರವಾಗಿ ಉಳಿಯುವ ವಾದ ಒಂದು: ಕರಡಿ ಮೈಮೇಲೆ ಬಿದ್ದು ನಳಿಗೆ ಅದರ ತುಪ್ಪಳಕ್ಕೆ ಒತ್ತಿಕೊಂಡಾಗ ಪಿಸ್ತೂಲಿನ ಮೇಲ್ಭಾಗ ಹಿಂದೆ ಸರಿದು ಕೆಲಸ ನಿಲ್ಲಿಸಬಹುದು, ರಿವಾಲ್ವರ್‌ಗೆ ಆ ತೊಂದರೆಯಿಲ್ಲ. ಗಟ್ಟಿ ವಾದವೇ. ಆದರೂ ಇಂದು ಮೊದಲ ಬಾರಿಗೆ ಕೊಳ್ಳುವ, ವಾರಕ್ಕೊಮ್ಮೆ ಅಭ್ಯಾಸ ಮಾಡಲಾಗದ ಮನುಷ್ಯನಿಗೆ ಪಿಸ್ತೂಲನ್ನು ಬೇಡವೆನ್ನಲು ನನಗೆ ಕಾರಣ ಕಾಣುವುದಿಲ್ಲ.

ರಿವಾಲ್ವರೇ ಬೇಕು ಎನ್ನುವವನಿಗೆ ನನ್ನ ಶಿಫಾರಸು ಸಪ್ಪೆಯಾದದ್ದು. ಸ್ಟೇನ್‌ಲೆಸ್ ಉಕ್ಕಿನ, ನಾಲ್ಕು ಇಂಚಿನ, ಒಂದು ಕಿಲೋಗಿಂತ ಸ್ವಲ್ಪ ಮೇಲಿನ ಡಬಲ್ ಆ್ಯಕ್ಷನ್ .44 ಮ್ಯಾಗ್ನಂ. ಅದರಲ್ಲಿ .44 ಸ್ಪೆಷಲ್ ತೋಟಾವೂ ನಡೆಯುತ್ತದೆ. ಒದೆತ ಕಡಿಮೆಯಾದ ಅದರಲ್ಲಿ ಅಭ್ಯಾಸ ಮಾಡಿ, ಕೊನೆಗೆ ಮ್ಯಾಗ್ನಂಗೆ ಬರಬಹುದು. .454ರ ರಿವಾಲ್ವರ್‌ನಲ್ಲೂ ಹಾಗೆಯೇ ಹಳೆಯ .45 ಕೋಲ್ಟ್ ಹಾರಿಸಬಹುದು. ಮಣಿಕಟ್ಟು ಸಣ್ಣದಿದ್ದವರು, ಕಪ್ಪು ಕರಡಿ ಮಾತ್ರ ಇರುವ ಕಾಡಿಗೆ ಹೋಗುವವರು ಭಾರದ ಗುಂಡಿನ .357 ಒಯ್ದರೆ ನಾಚಿಕೆಪಡಬೇಕಿಲ್ಲ.

ಇಷ್ಟೆಲ್ಲ ಆದ ಮೇಲೆ ಕೇಳಲೇಬೇಕಾದ ಪ್ರಶ್ನೆ: ಕೋವಿ ನಿಜಕ್ಕೂ ಕಾಪಾಡುತ್ತದೆಯೇ? ಸಂಶೋಧಕರಾದ ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು 1883ರಿಂದ 2009ರವರೆಗೆ ಅಲಾಸ್ಕಾದಲ್ಲಿ ಕೋವಿ ಒಳಗೊಂಡ 269 ಕರಡಿ ಘಟನೆಗಳನ್ನು ಕಲೆಹಾಕಿ 2012ರಲ್ಲಿ ಪ್ರಕಟಿಸಿದರು. ಕೈಕೋವಿ ಬಳಸಿದವರಲ್ಲಿ ಶೇ 84, ಉದ್ದ ಕೋವಿಯವರಲ್ಲಿ ಶೇ 76 ಸಂದರ್ಭಗಳಲ್ಲಿ ಕರಡಿ ನಿಂತಿತ್ತು; ಸಂಖ್ಯಾಶಾಸ್ತ್ರದ ಪ್ರಕಾರ ಇದು ವ್ಯತ್ಯಾಸವೇ ಅಲ್ಲ. ಮೈಮೇಲಿದ್ದ ದುರ್ಬಲ ಆಯುಧ ಬಲವಾದ ಆಯುಧಕ್ಕೆ ಸಮನಾಗಿ ನಿಂತಿತು ಎಂದು ನಾನು ಓದಿಕೊಳ್ಳುತ್ತೇನೆ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಸಾಲಿದೆ: ಕೋವಿ ಇದ್ದವರು ಅದನ್ನು ಬಳಸಿದರೂ ಬಳಸದಿದ್ದರೂ ಗಾಯಗೊಂಡ ಪ್ರಮಾಣ ಒಂದೇ. 2008ರಲ್ಲಿ ಇದೇ ತಂಡ ಕರಡಿ ಸ್ಪ್ರೇ ಬಗ್ಗೆ ಬರೆದಿತ್ತು. ಮೆಣಸಿನ ಖಾರದ ಸತ್ವವನ್ನು ಒತ್ತಡದಲ್ಲಿ ತುಂಬಿದ ಡಬ್ಬಿ ಅದು, 1980ರ ದಶಕದಲ್ಲಿ ಮೊಂಟಾನಾ ವಿಶ್ವವಿದ್ಯಾಲಯದ ಪ್ರಯೋಗಗಳಿಂದ ಹುಟ್ಟಿದ್ದು. ಕಂದು ಕರಡಿಗಳ ಮೇಲೆ ಬಳಸಿದಾಗ ಶೇ 92 ಬಾರಿ ಫಲಿಸಿತ್ತು, ಹತ್ತಿರದ ಮುಖಾಮುಖಿಯಲ್ಲಿ ಸ್ಪ್ರೇ ಒಯ್ದಿದ್ದವರಲ್ಲಿ ಶೇ 98 ಮಂದಿಗೆ ಗಾಯವಾಗಿರಲಿಲ್ಲ.

92 ದೊಡ್ಡದೋ 84 ದೊಡ್ಡದೋ ಎಂದು ಹೋಲಿಸಿ ಮುಗಿಸುವುದು ಸುಲಭ, ಆದರೆ ನ್ಯಾಯವಲ್ಲ. ಸ್ಪ್ರೇ ಘಟನೆಗಳಲ್ಲಿ ಹಲವು ಕರಡಿಗಳು ಕುತೂಹಲಕ್ಕೋ ಊಟದ ವಾಸನೆಗೋ ಬಂದಂಥವು, ಕೋವಿಯ ದಾಖಲೆಗಳಲ್ಲಿ ಜಾಸ್ತಿ ಇರುವುದು ಕೆಟ್ಟದಾಗಿ ಮುಗಿದ ಕಥೆಗಳು. ಆದರೂ ಸ್ಪ್ರೇಯ ಒಂದು ಗುಣವನ್ನು ಅಲ್ಲಗಳೆಯಲಾಗದು. ಎಂಟು ಹತ್ತು ಮೀಟರ್ ದೂರದ ಒಂದು ಮೋಡಕ್ಕೆ ಗುರಿ ಬೇಕಿಲ್ಲ, ಮಣಿಕಟ್ಟಿನ ಬಲ ಬೇಕಿಲ್ಲ, ಹೆದರಿಸಿ ಹಿಂತಿರುಗಲೆಂದೇ ಓಡಿಬಂದ ಕರಡಿಯನ್ನು ಕೊಂದ ಪಾಪವೂ ಇಲ್ಲ. ಮೇಲೆರಗುವಂತೆ ಓಡಿಬರುವ ಕರಡಿಗಳಲ್ಲಿ ಬಹುಪಾಲು ಮಧ್ಯದಲ್ಲೇ ನಿಲ್ಲುತ್ತವೆ. ಅಲಾಸ್ಕಾದ ಪಳಗಿದವರಲ್ಲಿ ಎಷ್ಟೋ ಜನ ಎರಡನ್ನೂ ಒಯ್ಯುತ್ತಾರೆ.

ಕೊಂದ ಮೇಲೆ ಕೆಲಸವೂ ಇದೆ. ಅಲಾಸ್ಕಾದಲ್ಲಿ ಪ್ರಾಣರಕ್ಷಣೆಗೆ ಕರಡಿಯನ್ನು ಹೊಡೆದವನು ಅದರ ಚರ್ಮವನ್ನು ಉಗುರುಗಳ ಸಮೇತ ಸುಲಿದು, ತಲೆಬುರುಡೆ ಬಿಡಿಸಿ, ಎರಡನ್ನೂ ರಾಜ್ಯ ಸರ್ಕಾರಕ್ಕೆ ಒಪ್ಪಿಸಬೇಕು, 15 ದಿನದೊಳಗೆ ಲಿಖಿತ ವರದಿ ಕೊಡಬೇಕು. ನಡುಗುವ ಕೈಯಲ್ಲಿ ಮುನ್ನೂರು ಕಿಲೋ ಪ್ರಾಣಿಯ ಚರ್ಮ ಸುಲಿಯುವ ಶಿಕ್ಷೆಯಲ್ಲಿ ಒಂದು ಜಾಣತನವಿದೆ. ಬರೀ ಹೆದರಿಕೆಗೆ, ಇಲ್ಲವೇ ಗೋಡೆಗೆ ನೇತುಹಾಕುವ ಆಸೆಗೆ, ಹೊಡೆಯುವವರು ಕಡಿಮೆಯಾಗುತ್ತಾರೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಸೆಕ್ಷನ್ ಕೂಡ ಸದ್ಭಾವನೆಯಿಂದ ಪ್ರಾಣ ಉಳಿಸಿಕೊಳ್ಳಲು ಕೊಂದದ್ದನ್ನು ಅಪರಾಧವೆನ್ನುವುದಿಲ್ಲ, ಸತ್ತ ಪ್ರಾಣಿ ಮಾತ್ರ ಸರ್ಕಾರದ ಸ್ವತ್ತು. ಹಾಗೆಂದು ದರೋಜಿ ಕರಡಿಧಾಮದ ಸುತ್ತಮುತ್ತ ಕರಡಿಗೆ ಸಿಕ್ಕಿ ಮುಖ ಹರಿಸಿಕೊಳ್ಳುವ ರೈತನ ಬಳಿ ರಿವಾಲ್ವರ್ ಎಲ್ಲಿಂದ ಬರಬೇಕು? ಇಲ್ಲಿ ಪರವಾನಗಿ ಸಿಕ್ಕವರಿಗೂ ಸಾಮಾನ್ಯವಾಗಿ ದಕ್ಕುವುದು ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್. ಅದರ ಗುಂಡಿನ ಶಕ್ತಿ 200 ಜೌಲನ್ನೂ ಮುಟ್ಟದು. ಕರಡಿಯ ಮಟ್ಟಿಗೆ ಅದು ಪಟಾಕಿ. ಅಭಯಾರಣ್ಯದೊಳಗೆ ಲಿಖಿತ ಅನುಮತಿಯಿಲ್ಲದೆ ಆಯುಧ ಒಯ್ಯುವಂತೆಯೂ ಇಲ್ಲ.

ಅಮೆರಿಕದಲ್ಲಿ ನಿಯಮ ಬೇರೆ. ಅಲಾಸ್ಕಾದಲ್ಲಿ 2003ರಿಂದ ರಿವಾಲ್ವರನ್ನು ಬಟ್ಟೆಯೊಳಗೆ ಇಟ್ಟುಕೊಂಡು ತಿರುಗಲೂ ಪರವಾನಗಿ ಬೇಕಿಲ್ಲ. ರಾಷ್ಟ್ರೀಯ ಉದ್ಯಾನಗಳಲ್ಲಿ 2010ರ ಫೆಬ್ರುವರಿಯಿಂದ ಆಯಾ ರಾಜ್ಯದ ಕಾನೂನಿನಂತೆ ಕೋವಿ ಇಟ್ಟುಕೊಳ್ಳಬಹುದು, ಹಾರಿಸುವುದು ಮಾತ್ರ ಸಾಮಾನ್ಯವಾಗಿ ನಿಷಿದ್ಧ. ಮೂರೇ ತಿಂಗಳಲ್ಲಿ, ಮೇ ಕೊನೆಯಲ್ಲಿ, ಡೆನಾಲಿ ಉದ್ಯಾನದಲ್ಲಿ ಪಾದಯಾತ್ರಿಯೊಬ್ಬ ಪೊದೆಯಿಂದ ನುಗ್ಗಿದ ಗ್ರಿಜ್ಲಿಯ ಮೇಲೆ .45 ಪಿಸ್ತೂಲಿನಿಂದ ಸುಮಾರು ಒಂಬತ್ತು ಗುಂಡು ಹಾರಿಸಿದ. ಕರಡಿ ಪೊದೆಗೆ ವಾಪಸು ಹೋಗಿ ಸತ್ತಿತ್ತು. ಕಾರಿನಲ್ಲಿ ಕೆನಡಾ ದಾಟಿ ಅಲಾಸ್ಕಾಕ್ಕೆ ಹೊರಟವರಿಗೆ ಇನ್ನೊಂದು ತೊಡಕು: ಕೆನಡಾದ ಗಡಿಯಲ್ಲಿ ಪ್ರವಾಸಿಯ ಕೈಕೋವಿಗೆ ಪ್ರವೇಶವಿಲ್ಲವೆಂದೇ ತಿಳಿಯಬೇಕು.

ಬೇ ಏರಿಯಾದಿಂದಲೋ ಸಿಯಾಟಲ್‌ನಿಂದಲೋ ಯೆಲ್ಲೋಸ್ಟೋನ್‌ಗೆ ಹೊರಡುವ ನಮ್ಮ ಕನ್ನಡದ ಟೆಕ್ಕಿಗಳಿಗೆ ಈ ಚರ್ಚೆ ಬಹುತೇಕ ಕಾನೂನಿನಲ್ಲೇ ಮುಗಿದಿದೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿಯನ್ನಾಗಲೀ ತೋಟಾವನ್ನಾಗಲೀ ಇಟ್ಟುಕೊಳ್ಳುವುದನ್ನು ಅಲ್ಲಿನ ಕೇಂದ್ರ ಕಾನೂನು ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆಯ ಲೈಸೆನ್ಸ್ ಇದ್ದರೆ ಮುಂತಾದ ಕೆಲವು ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧವಿಲ್ಲ. ಗೆಳೆಯನ ರಿವಾಲ್ವರನ್ನು ಎರಡು ದಿನಕ್ಕೆಂದು ಎರವಲು ಪಡೆದರೂ ವೀಸಾಕ್ಕೇ ಸಂಚಕಾರ. ಹಾಗಾಗಿ ಸ್ಪ್ರೇ. ಉದ್ಯಾನದ ಸುತ್ತಲಿನ ಊರುಗಳ ಅಂಗಡಿಗಳಲ್ಲಿ ಮಾರಾಟಕ್ಕಿದೆ, ಬಾಡಿಗೆಗೂ ಸಿಗುತ್ತದೆ. ಡಬ್ಬಿಯ ಮೇಲಿನ ಅವಧಿ ನೋಡಿ ಕೊಳ್ಳಿ. ಖಾರವಿಲ್ಲದ ಅಭ್ಯಾಸದ ಡಬ್ಬಿಯೊಂದನ್ನು ತಂದು ಮನೆಯ ಹಿತ್ತಲಲ್ಲಿ ಒಮ್ಮೆ ಹಾರಿಸಿ ನೋಡಿ. ಕರಡಿಯಿಂದ ಕನಿಷ್ಠ 100 ಗಜ ದೂರವಿರಿ, ಮೂವರಿಗಿಂತ ಕಡಿಮೆ ಹೋಗಬೇಡಿ, ತಿರುವುಗಳಲ್ಲಿ ಗಟ್ಟಿಯಾಗಿ ಮಾತಾಡಿ. ಡಬ್ಬಿಯನ್ನು ಬ್ಯಾಗಿನೊಳಗಲ್ಲ, ಎದೆಪಟ್ಟಿಗೆ ಸಿಕ್ಕಿಸಿ. ವಾಪಸಾಗುವಾಗ ಮಾತ್ರ ಅದನ್ನು ವಿಮಾನ ನಿಲ್ದಾಣಕ್ಕೆ ತರಬೇಡಿ, ಕೈಚೀಲದಲ್ಲೂ ಬಿಡುವುದಿಲ್ಲ, ಲಗೇಜಿನಲ್ಲೂ ಬಿಡುವುದಿಲ್ಲ.